ವಾಹನ ಸಂಚಾರ ನಿಷೇಧಿಸಿದೆ

ಶಾಮನೂರು ದಾಟಿ, ಲಾರಿಗಳ ಗದ್ದಲ ಬೆನ್ನಿಗೆ ಬಿಟ್ಟು
ಎಡಕ್ಕೆ ಹೊರಳಿದರೆ ಭದ್ರಾ ನಾಲೆಯ ಏರಿ.
ಅಲ್ಲಿಂದ ಮುಂದೆ ಡಾಂಬರಿಲ್ಲ. ಹಾರ್ನಿಲ್ಲ.
ಜಲ್ಲಿ, ಕೆಮ್ಮಣ್ಣು, ನಡುವೆ ಗರಿಕೆಯ ಒಂದು ಗೀಟು,
ಚಕ್ರದಡಿ ಮಂಡಕ್ಕಿ ಅರಳುವ ಸದ್ದು.

ಈ ಹೋಲಿಕೆ ನನ್ನದಲ್ಲ, ದಾದಾಪೀರ್ ಅವರದು.
ಮೂವತ್ತೊಂದು ವರ್ಷ ಭಟ್ಟಿಯ ಬಾಯಿಗೆ,
ಹೊಟ್ಟು ಸಾಲದಾದಾಗ, ಹಳೇ ಟೈರು ತುರುಕಿದವರು.
ಲಾರಿಯದು, ಟ್ರ್ಯಾಕ್ಟರಿನದು, ಒಮ್ಮೊಮ್ಮೆ ಸೈಕಲ್ಲಿನದು.
"ಅದು ಬೆಂಕಿಗೆ ಸಾಲಂಗಿಲ್ಲ ಬಿಡ್ರಿ, ಹಪ್ಪಳ ಸುಟ್ಟಂಗೆ."

ನಾನು ಎಕ್ಸ್‌ರೇ ತೆಗೆಯುವವಳು.
"ಉಸಿರು ಹಿಡೀರಿ" ಎಂದು ಮನುಷ್ಯರನ್ನು ನಿಲ್ಲಿಸಿ
"ಈಗ ಬಿಡ್ರಿ" ಎನ್ನುವುದಕ್ಕೆ ನನಗೆ ಸಂಬಳ.
ಅವರು ಹಿಡಿಯಲಾರದೆ ಮೂರು ಸಲ ಕೆಮ್ಮಿದರು,
ನಾಲ್ಕನೆಯದಕ್ಕೆ ಫಿಲ್ಮು ಬಂತು.
ಬೆಳಕಿಗೆ ಹಿಡಿದು ತೋರಿಸಿದೆ:
ಇದು ದೊಡ್ಡ ನಾಲೆ, ಇವು ಉಪನಾಲೆ, ಇವೆಲ್ಲ ಹೊಲಗಾಲುವೆ.
ಕನ್ನಡಕ ಏರಿಸಿ ನೋಡಿದರು.
"ಕೊನೇ ಭಾಗಕ್ಕೆ ನೀರು ಹತ್ತಿಲ್ಲ ಅನ್ರಿ."
ಈ ಜಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಡಾಕ್ಟರು ನಡೀರಿ ಅಂದರು, ಮಂಡಿ ಒಲ್ಲೆ ಅಂತು,
ಹಾಗಾಗಿ ಸೈಕಲ್ಲು: ಎರಡನೇ ಕೈ, ಹಸಿರು ಬಣ್ಣ,
ಕ್ಯಾರಿಯರಿಗೆ ಕಟ್ಟಿದ ನೀರಿನ ಬಾಟಲಿ, ಇನ್‌ಹೇಲರ್ ಜೇಬಿನಲ್ಲಿ.
ಭಾನುವಾರ ನಾನೂ ಹೊರಡುತ್ತೇನೆ,
ಅವರನ್ನು ನೋಡಿಕೊಳ್ಳಲು ಎಂದು ಮನೆಯಲ್ಲಿ ಹೇಳಿ.

ಮೊದಲ ದಿನ ಅಡ್ಡ ಬಂದದ್ದು ಕಬ್ಬಿಣದ ಪೈಪು, ಬೀಗ, ಹಳದಿ ಬೋರ್ಡು.
ಸೌದಿ ತಿಪ್ಪೇಶಿ ಬೀಡಿ ಕಿವಿಗೆ ಸಿಕ್ಕಿಸಿ ಓದಿ ತೋರಿಸಿದ:
ಏರಿಯ ಮೇಲೆ ವಾಹನ ಸಂಚಾರ ನಿಷೇಧಿಸಿದೆ.
"ಸೈಕಲ್ಲೂ ವಾಹನನಾ?"
ತಿಪ್ಪೇಶಿ ಯೋಚಿಸಿದ. ನಾಲೆಯ ನೀರನ್ನು ಕೇಳಿದವನ ಹಾಗೆ
ಸ್ವಲ್ಪ ಹೊತ್ತು ಕೆಳಗೆ ನೋಡಿದ.
"ಹೊಗೆ ಬಿಡದಿದ್ರೆ ವಾಹನ ಅಲ್ಲ."
ದಾದಾಪೀರ್ ಇಳಿದು ಪಕ್ಕಕ್ಕೆ ನಿಂತರು.
"ಹಂಗಾದ್ರೆ ನನ್ನ ಬಿಡಬ್ಯಾಡಪ್ಪ."
ಇಬ್ಬರೂ ನಕ್ಕರು, ನನಗೆ ನಗು ತಡವಾಗಿ ಬಂತು.
ದನ ನುಸುಳುವ ಸಂದಿಯಲ್ಲಿ ಸೈಕಲ್ಲು ಎತ್ತಿ ದಾಟಿಸಿದ್ದು ತಿಪ್ಪೇಶಿಯೇ.

ಅಲ್ಲಿಂದ ಕಲ್ಲುಗಳ ಲೆಕ್ಕ.
ಸುಣ್ಣ ಹೋದ ಮೈಲುಗಲ್ಲಿಗೊಂದು ನಿಲುಗಡೆ,
ಮೊದಲ ವಾರ ಎರಡು ಕಲ್ಲು, ಸಂಕ್ರಾಂತಿಯ ಹೊತ್ತಿಗೆ ಏಳು.
ಬಲಕ್ಕೆ ನೀರು, ನಮ್ಮ ಭುಜದ ಜೊತೆಗೇ ಬರುತ್ತದೆ,
ಎಡಕ್ಕೆ ಹತ್ತು ಅಡಿ ಕೆಳಗೆ ಭತ್ತದ ಸಸಿ ಮಡಿ,
ಕೊಕ್ಕರೆಗಳ ಬೆನ್ನು ಮೇಲಿನಿಂದ ಕಾಣುವುದು ಇಲ್ಲಿ ಮಾತ್ರ.
ಸೋಪಾನದಲ್ಲಿ ಕೌದಿ ತುಳಿಯುವ ಹೆಂಗಸರು
"ರೇಸಿಗೆ ಹೊಂಟೀರೇನ್ರೀ?" ಅನ್ನುತ್ತಾರೆ.
ಹೌದು ಅನ್ನುತ್ತೇವೆ. ಆಮೆಗಿಂತ ಸ್ವಲ್ಪ ಮುಂದಿದ್ದೇವೆ.

ಎಂಟನೇ ಕಲ್ಲಿನ ತೂಬಿನ ಹತ್ತಿರ
ಮೂವರು ಹುಡುಗರು ಲಾರಿಯ ಟೈರೊಂದನ್ನು ಉರುಳಿಸಿಕೊಂಡು ಬಂದರು,
ಬೋಳು, ತಂತಿ ಕಾಣುವಷ್ಟು ಸವೆದದ್ದು.
ದಾದಾಪೀರ್ ಬ್ರೇಕು ಹಿಡಿದರು.
ಕಣ್ಣಲ್ಲೇ ತೂಗಿದರು, ಹಳೆಯ ಅಭ್ಯಾಸ.
"ಒಂದೂವರೆ ಗಂಟೆ ಉರೀತಿತ್ತು," ಅಂದರು, ನನಗಲ್ಲ.
ಹುಡುಗನೊಬ್ಬ ಕೋಲಿನಿಂದ ಬಡಿದ.
ಟೈರು ಜಲ್ಲಿಯ ಮೇಲೆ ಕುಪ್ಪಳಿಸಿ ಓಡಿತು,
ಹಿಂದೆ ಅವರ ಕೂಗು, ಅದರ ಹಿಂದೆ ಒಂದು ನಾಯಿ.

ಅವು ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು.
ಆಮೇಲೆ ಬಗ್ಗಿ, ಜಾಲಿಮುಳ್ಳು ನೆಟ್ಟಿತೋ ಎಂದು
ತಮ್ಮ ಮುಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದರು,
ನಾಡಿ ಹಿಡಿದವರ ಹಾಗೆ, ಅಷ್ಟು ಹೊತ್ತು.

"ಗಾಳಿ ಐತಿ."